ಸುಂದರಾಳ ಅಳತೆಯ ಸೈಕಲ್ಲು

ಅಕ್ಕೋಳ
4 ನವೆಂಬರ್ 2024

ಪ್ರೀತಿಯ ಗಂಗಾ,

ಫೋನಿನಲ್ಲಿ ನನ್ನ ಮಾತು ನಿನಗೆ ಕೇಳುವುದಿಲ್ಲ. ಮೊಬೈಲಿನಲ್ಲಿ ಕುಟ್ಟಲು ಹೋದರೆ ನಾಲ್ಕು ಸಾಲಿಗೇ ನನ್ನ ಬೆರಳು ಸೋಲುತ್ತದೆ. ಆದ್ದರಿಂದ ಮತ್ತೆ ನಮ್ಮ ಪೆನ್ನು, ನಮ್ಮ ಪೋಸ್ಟು.

ಸುದ್ದಿ ಇಷ್ಟು: ನಾನು ಸೈಕಲ್ಲು ಕೊಳ್ಳಬೇಕೆಂದಿದ್ದೇನೆ. ನಗಬೇಡ. ನಡೆದರೆ ಮೊಣಕಾಲು ನೋಯುತ್ತದೆ, ಮೆಟ್ಟಿಲು ಹತ್ತಿದರೆ ಊದುತ್ತದೆ. ಸೈಕಲ್ಲು ತುಳಿದರೆ ಅಷ್ಟು ಭಾರ ಬೀಳುವುದಿಲ್ಲ, ಅಭ್ಯಾಸವಿದ್ದರೆ ತುಳಿಯಿರಿ ಎಂದು ನಿಪ್ಪಾಣಿಯ ಡಾಕ್ಟರೇ ಹೇಳಿದರು. ಅಭ್ಯಾಸವಿತ್ತಲ್ಲ. ಭೋಜದಲ್ಲಿ ನರ್ಸಬಾಯಿಯಾಗಿದ್ದಾಗ ಸುತ್ತಲಿನ ವಸ್ತಿಗಳನ್ನೆಲ್ಲ ಸೈಕಲ್ಲಿನ ಮೇಲೇ ತಿರುಗಿದವಳು ನಾನು. ನಿಪ್ಪಾಣಿಗೆ ವರ್ಗವಾದ ಮೇಲೆ ಬಸ್ಸು ಹಿಡಿದೆ, ಸೈಕಲ್ಲು ಬಿಟ್ಟೇಹೋಯಿತು. ಆ ಸೈಕಲ್ಲೂ ನನಗೆ ದೊಡ್ಡದೇ ಆಗಿತ್ತು. ಆಗ ವಯಸ್ಸಿತ್ತು, ಹಾರಿ ಹತ್ತುತ್ತಿದ್ದೆ, ಹಾರಿ ಇಳಿಯುತ್ತಿದ್ದೆ. ಈಗ ಹಾರಲಾರೆ.

ನನ್ನ ಎತ್ತರ ನಿನಗೆ ಗೊತ್ತು. ಚಿಕ್ಕೋಡಿಯ ಹಾಸ್ಟೆಲ್ಲಿನಲ್ಲಿ ಕಪಾಟಿನ ಮೇಲಿನ ಟ್ರಂಕು ಇಳಿಸಲು ನಿನ್ನನ್ನೇ ಕೂಗುತ್ತಿದ್ದೆನಲ್ಲ, ಆ ಎತ್ತರಕ್ಕೆ ಆಮೇಲೆ ಒಂದು ಬೆರಳೂ ಸೇರಿಲ್ಲ. ಬೆನ್ನು ಬಾಗಿ ಕಡಿಮೆಯೇ ಆಗಿರಬೇಕು. ನಿಪ್ಪಾಣಿಯ ಅಂಗಡಿಗೆ ಹೋದೆ. ಅಂಗಡಿಯವನು, "ಮೊಮ್ಮಗಳಿಗೇನ್ರಿ ಆಯಿ?" ಎಂದ.

"ನನಗ ಬೇಕಾಗೈತಿ," ಎಂದೆ.

ಆತ ಒಂದು ಲೇಡೀಸ್ ಸೈಕಲ್ಲು ತಂದು ನಿಲ್ಲಿಸಿದ. ಹತ್ತಿ ಕೂತರೆ ಎರಡೂ ಕಾಲು ಗಾಳಿಯಲ್ಲಿ. "ಸೀಟ ಪೂರಾ ಇಳಿಸೇನ್ರಿ, ಇನ್ನ ಇಳಿಯೂದಿಲ್ಲ," ಎಂದ. ಕೊನೆಗೆ ಸಣ್ಣ ಮಕ್ಕಳ ಸೈಕಲ್ಲು ಕೊಟ್ಟ. ಅದರ ಮೇಲೆ ಕೂತು ಕಾಲು ಎತ್ತಿದರೆ ಮೊಣಕಾಲು ಹೋಗಿ ಹ್ಯಾಂಡಲಿಗೆ ಬಡಿಯುತ್ತಿತ್ತು. ದೊಡ್ಡದು ಸಿಗುತ್ತದೆ, ಚಿಕ್ಕದು ಸಿಗುತ್ತದೆ. ನನ್ನಂಥವಳೊಬ್ಬಳು ಇದ್ದಾಳೆಂದು ಯಾರಿಗೂ ಹೊಳೆದಂತಿಲ್ಲ.

ಪಿಂಚಣಿಗೆಂದು ರಾಯಬಾಗಕ್ಕೆ ಹೋಗುತ್ತೀಯಲ್ಲ, ಅಲ್ಲಿಯ ಅಂಗಡಿಗಳಲ್ಲಿ ಒಮ್ಮೆ ನೋಡುತ್ತೀಯಾ? ಹಾಲೇಶ, ಅವನ ಹೆಂಡತಿ ಸೋನಾಲಿ ಹೇಗಿದ್ದಾರೆ? ಬರೆ.

ನಿನ್ನ
ಸುಂದರಾ


ದಿಗ್ಗೇವಾಡಿ
13 ನವೆಂಬರ್ 2024

ಸುಂದರಾ,

ನಿನ್ನ ಪತ್ರ ಓದಿ ಸೋನಾಲಿಗೆ ಹೇಳಿದೆ. ಅವಳು ನಕ್ಕದ್ದು ನನಗೆ ಕೇಳಿಸಲಿಲ್ಲ, ಕಾಣಿಸಿತು. ನಾನೂ ನಕ್ಕೆ. ಟಿವಿ ನೋಡಿ ನೋಡಿ ಈಗ ಎಲ್ಲರಿಗೂ ವ್ಯಾಯಾಮದ ಹುಚ್ಚು. ನಿನಗೂ ಹತ್ತಿತೇ?

ರಾಯಬಾಗದ ಕಡೆ ಈಚೆಗೆ ಹೋಗುವುದಾಗಿಲ್ಲ. ಹಾಲೇಶನಿಗೆ ಹೇಳಿದ್ದೇನೆ. ಅವನಿಗೆ ನಮ್ಮಣ್ಣನ ಮಗ ಎನ್ನುವುದಕ್ಕಿಂತ ಎಮ್ಮೆಗಳ ಅಣ್ಣ ಎನ್ನುವುದೇ ಸರಿ, ನೆನಪಾದರೆ ನೋಡಿಯಾನು. ಒಂದು ಎಮ್ಮೆ ಈದಿದೆ. ಕರುವನ್ನು ನುಗ್ಗೆ ಮರದ ಬುಡದಲ್ಲಿ ಕಟ್ಟಿದ್ದೇವೆ, ದಿನವಿಡೀ ನನ್ನ ಸೀರೆಯ ಸೆರಗು ಚೀಪುತ್ತದೆ. ಅಂಗಳಕ್ಕೆ ಹೊಸ ಫರಸಿ ಕಲ್ಲು ಹಾಕಿಸಿದೆವು. ಬೆಳಗಿನ ಬಿಸಿಲು ಅಲ್ಲಿಗೇ ಬರುತ್ತದೆ, ಮಧ್ಯಾಹ್ನದವರೆಗೆ ಅಲ್ಲೇ ಕೂತಿರುತ್ತೇನೆ.

ಮೊಣಕಾಲಿಗೆ ವ್ಯಾಯಾಮವೇ ಬೇಕೆಂದರೆ ಮನೆಯೊಳಗೆ ನಿಲ್ಲಿಸಿಟ್ಟು ತುಳಿಯುವ ಸೈಕಲ್ಲು ಬರುತ್ತದಂತೆ, ಅದನ್ನು ತರಿಸಿಕೋ. ಬೀಳುವ ಭಯವಿಲ್ಲ, ರಸ್ತೆಯ ಗೋಜಿಲ್ಲ. ನಾನು ಚೆನ್ನಾಗಿದ್ದೇನೆ.

ಗಂಗಾ


ಅಕ್ಕೋಳ
25 ನವೆಂಬರ್ 2024

ಗಂಗಾ,

ನಿಂತಲ್ಲೇ ತುಳಿಯುವ ಸೈಕಲ್ಲು ನನ್ನನ್ನು ಎಲ್ಲಿಗೂ ಒಯ್ಯುವುದಿಲ್ಲ. ನನಗೆ ಹೋಗಬೇಕಾಗಿದೆ.

ಚಿಕ್ಕೋಡಿಯಲ್ಲಿ ಅಂಗಡಿಗಳನ್ನೆಲ್ಲ ನೋಡಿ ಬಂದೆ. ಗೇರಿನ ಸೈಕಲ್ಲೊಂದು ಎತ್ತರದಲ್ಲಿ ಪರವಾಗಿಲ್ಲ ಅನಿಸಿತು. ಆದರೆ ಹ್ಯಾಂಡಲು ಎಲ್ಲೋ ದೂರ, ಹಿಡಿಯಲು ಪೂರಾ ಬಾಗಬೇಕು. ಅಥಣಿಯಲ್ಲಿರುವ ನನ್ನ ತಂಗಿಯ ಮಗಳು ನೀಲಮ ಅಲ್ಲಿಯ ಅಂಗಡಿಯಲ್ಲಿ ವಿಚಾರಿಸಿದಳು. ಅಜ್ಜಿಯರ ಸೈಕಲ್ಲು ಇಲ್ಲ ಎಂದರಂತೆ. ಬಿಡುವುದಿಲ್ಲ. ಇನ್ನೂ ಊರುಗಳಿವೆ.

ಅಕ್ಷರ ಸೊಟ್ಟಗಿವೆ. ಪೆನ್ನು ಸರಿಯಿಲ್ಲ.

ಸುಂದರಾ


ದಿಗ್ಗೇವಾಡಿ
3 ಡಿಸೆಂಬರ್ 2024

ಸುಂದರಾ,

ಅಕ್ಷರ ಸೊಟ್ಟಗಾದದ್ದು ಪೆನ್ನಿನಿಂದಲ್ಲ, ನಿನ್ನ ಗಡಿಬಿಡಿಯಿಂದ. ಮೂವತ್ತು ವರ್ಷ ಮಕ್ಕಳ ಶುದ್ಧಬರಹ ತಿದ್ದಿದವಳಿಗೆ ಅಷ್ಟು ತಿಳಿಯುತ್ತದೆ. ಎಲ್ಲಿಗೆ ಇಷ್ಟೊಂದು ಅವಸರ?

ನಗುತ್ತ ಹೇಳಿದರೆ ನಿನಗೆ ತಾಗಲಿಲ್ಲ. ಈಗ ಸ್ಪಷ್ಟವಾಗಿ ಬರೆಯುತ್ತೇನೆ. ಇದು ಕಬ್ಬಿನ ಹಂಗಾಮು. ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರು, ಬದಿಯಲ್ಲಿ ಮಾರುದ್ದ ಕಬ್ಬು ಚಾಚಿಕೊಂಡು ಬರುತ್ತವೆ. ಡ್ರೈವರುಗಳಿಗೆ ಕಾರ್ಖಾನೆ ಮುಟ್ಟುವುದೊಂದೇ ಧ್ಯಾನ. ಈ ವಯಸ್ಸಿನಲ್ಲಿ ಬಿದ್ದರೆ ಸೊಂಟ ಮುರಿಯುತ್ತದೆ. ಆಮೇಲೆ ಮಂಚದ ಮೇಲೆ ಮಲಗಿದವಳನ್ನು ಯಾರು ನೋಡಬೇಕು? ಸಮಾಧಾನನಂಥ ಮಗನಿದ್ದಾನೆ, ಅವನ ಹತ್ತಿರ ಗಾಡಿ ಇದೆ. ಹಿಂದೆ ಕೂತು ಎಲ್ಲಿಗೆ ಬೇಕೋ ಅಲ್ಲಿಗೆ ಹೋಗಬಹುದು. ಇಷ್ಟಿದ್ದೂ ಈ ಹಠ ಯಾರಿಗೆ ತೋರಿಸಲು?

ಹಾಲೇಶನಿಗೆ ಸೈಕಲ್ಲು ನೋಡಬೇಡವೆಂದು ಹೇಳಿದ್ದೇನೆ.

ಗಂಗಾ


ದಿಗ್ಗೇವಾಡಿ
2 ಜನವರಿ 2025

ಸುಂದರಾ,

ತಿಂಗಳಾಯಿತು, ನಿನ್ನಿಂದ ಉತ್ತರವಿಲ್ಲ. ಪೋಸ್ಟಮನ್ ಬಂದಾಗ ನಮ್ಮ ನಾಯಿ ಬೊಗಳುವುದು ನನಗೆ ಕೇಳುವುದಿಲ್ಲವಾದ್ದರಿಂದ ಬೆಳಗಿನಿಂದ ಗೇಟನ್ನೇ ನೋಡುತ್ತ ಕೂಡುತ್ತೇನೆ. ಹಾಲೇಶನ ಕೈಯಲ್ಲಿ ಫೋನು ಮಾಡಿಸಿದೆ. "ಆರಾಮದಾರ್ರಿ" ಎಂದನಂತೆ ಸಮಾಧಾನ. ಅದರಿಂದ ಏನೂ ತಿಳಿಯಲಿಲ್ಲ.

ಸಿಟ್ಟಿದ್ದರೆ ಸಿಟ್ಟನ್ನೇ ಬರೆ.

ಗಂಗಾ


ಅಕ್ಕೋಳ
11 ಜನವರಿ 2025

ಗಂಗಾ,

ಸಿಟ್ಟಿತ್ತು. ಅದಕ್ಕೇ ಬರೆಯಲಿಲ್ಲ. ಹಠ ಯಾರಿಗೆ ತೋರಿಸಲು ಎಂದು ಕೇಳಿದ್ದೀಯಲ್ಲ, ಹೇಳುತ್ತೇನೆ.

ನಮ್ಮೂರ ಕಾಲುವೆಯ ದಂಡೆ ಹಿಡಿದು ಬಹಳ ದೂರ ಒಳಗೆ ಹೋದರೆ ಲಗಮವ್ವ ಎಂಬವಳ ಮನೆ. ಗಂಡ ಸಿದರಾಯ ಕುರಿ ಹಿಂಡಿನ ಜೊತೆ ಊರೂರು ತಿರುಗುತ್ತಾನೆ. ಅವಳೂ ತಿರುಗುತ್ತಿದ್ದಳು. ಸಕ್ಕರೆ ಕಾಯಿಲೆ ಬಂದು ಅಂಗಾಲಿಗೆ ಹುಣ್ಣಾದ ಮೇಲೆ ಹಿಂದೆ ಉಳಿದಳು. ದಿನಾ ತೊಳೆದು ಪಟ್ಟಿ ಕಟ್ಟಿದರೆ ಪಾದ ಉಳಿದೀತು, ಇಲ್ಲದಿದ್ದರೆ ತೆಗೆಯಬೇಕಾಗುತ್ತದೆ ಎಂದು ನಿಪ್ಪಾಣಿಯಲ್ಲಿ ಹೇಳಿದರು. ತನ್ನ ಅಂಗಾಲು ಅವಳಿಗೇ ಕಾಣುವುದಿಲ್ಲ, ಆ ಕಾಲಿನ ಮೇಲೆ ನಡೆಯಲೂ ಬಾರದು. ನನ್ನ ಕೈ ಹಿಡಿದು, "ಬಾಯಿ, ಕಾಲ ಹೋದ್ರ ನಾ ಕುರಿ ಹಿಂದ ಹೆಂಗ ಹೋಗ್ಲಿ?" ಎಂದಳು. ಅವತ್ತಿನಿಂದ ದಿನಾ ಹೋಗತೊಡಗಿದೆ. ಹೋಗುವಾಗ ಹೇಗೋ ಹೋಗುತ್ತಿದ್ದೆ. ಬರುವಾಗ ಮೊಣಕಾಲು ಊದಿ ಎರಡು ಸಲ ದಾರಿಯಲ್ಲೇ ಕೂಡಬೇಕಾಗುತ್ತಿತ್ತು.

ಸಮಾಧಾನನ ಗಾಡಿ ಎಂದೆ ನೀನು. ಅವನು ನಿಪ್ಪಾಣಿಯ ಆಫೀಸಿಗೆ ಹೊರಡುವ ಹೊತ್ತೂ ನಾನು ಹೊರಡುವ ಹೊತ್ತೂ ಒಂದೇ. ರವಿವಾರ ಗಾಡಿಯಲ್ಲಿ ಬಿಟ್ಟು ಬರುತ್ತಾನೆ. ಉಳಿದ ದಿನ ಕೇಳಿದರೆ, "ಅವ್ವಾ, ಸರಕಾರ ನಿನಗ ಪಗಾರ ಕೊಡೂದು ಬಿಟ್ಟೈತಿ, ನೀ ಮಾತ್ರ ಕೆಲಸಾ ಬಿಡವಲ್ಲಿ," ಎನ್ನುತ್ತಾನೆ. ನೀನೂ ಅದನ್ನೇ ಅನ್ನುತ್ತೀಯೆಂದು ನಿನಗೆ ಲಗಮವ್ವನ ವಿಷಯ ಹೇಳಲಿಲ್ಲ.

ಬಿದ್ದದ್ದನ್ನೂ ಹೇಳಲಿಲ್ಲ. ನವೆಂಬರಿನಲ್ಲಿ, ಚಿಕ್ಕೋಡಿಗೆ ಹೋಗಿ ಬಂದ ಮೇಲೆ, ಪಕ್ಕದ ಮನೆಯ ಈಶ್ವರನ ಹೆಂಡತಿಯ ಲೇಡೀಸ್ ಸೈಕಲ್ಲು ಕೇಳಿ ತಂದಿದ್ದೆ. ಓಡಿಸುವುದು ಮರೆತಿರಲಿಲ್ಲ, ಗಂಗಾ. ಗಾಳಿ ಮುಖಕ್ಕೆ ಬಡಿದ ಕೂಡಲೇ ಕಾಲುಗಳಿಗೆ ಎಲ್ಲ ನೆನಪಾಯಿತು. ನಿಲ್ಲುವುದೇ ಆಗಲಿಲ್ಲ. ಎದುರಿಗೆ ಎಮ್ಮೆ ಬಂತು, ಬ್ರೇಕು ಹಿಡಿದೆ, ಕಾಲು ಚಾಚಿದೆ, ನೆಲ ಸಿಗಲಿಲ್ಲ. ಕಬ್ಬಿನ ಹೊಲದ ಬದುವಿಗೆ ಅಡ್ಡ ಬಿದ್ದೆ. ಬಲಗೈಯ ಮಣಿಕಟ್ಟು ಉಳುಕಿತು. ಆ ಕೈಯಲ್ಲೇ ನಿನಗೆ ಬರೆದದ್ದು.

ಸಮಾಧಾನ ಸೈಕಲ್ಲನ್ನು ಈಶ್ವರನ ಮನೆಗೆ ತಿರುಗಿ ಕೊಟ್ಟು ಬಂದು, "ಇನ್ನ ಈ ಮನ್ಯಾಗ ಸೈಕಲ್ಲಿನ ಹೆಸರ ತಗೀಬ್ಯಾಡ," ಎಂದ. ಕೈಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಕೂತೆ. ನಾನು ಕೂತಷ್ಟೂ ದಿನ ಲಗಮವ್ವನ ಹುಣ್ಣು ನೋಡುವವರಿರಲಿಲ್ಲ. ಆಮೇಲೆ ಹೋಗಿ ಪಟ್ಟಿ ಬಿಚ್ಚಿದಾಗ ಕಿರುಬೆರಳು ಕಪ್ಪಾಗಿತ್ತು. ಆಸ್ಪತ್ರೆಗೆ ಒಯ್ದೆವು. ಅದನ್ನು ತೆಗೆದರು. ಪಾದ ಇನ್ನೂ ಇದೆ. ಮೊಣಕಾಲು ಊದದ ದಿನ ನಡೆದೇ ಹೋಗಿ ಪಟ್ಟಿ ಕಟ್ಟುತ್ತೇನೆ.

ಅಲ್ಲಿಂದ ಬಂದ ದಿನವೇ ಗೋಡೆಗೆ ಬೆನ್ನು ಹಚ್ಚಿ ಬರಿಗಾಲಲ್ಲಿ ನಿಂತು, ಕಾಲುಗಳ ನಡುವೆ ಒಂದು ಪುಸ್ತಕ ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿಗೆ ಗೋಡೆಯ ಮೇಲೆ ಗೆರೆ ಎಳೆದೆ. ನೆಲದಿಂದ ಗೆರೆಯವರೆಗೆ ಟೇಪು ಹಿಡಿದೆ. ಇಷ್ಟು ದಿನ ಅಂಗಡಿಗೆ ಹೋಗಿ "ಸಣ್ಣ ಸೈಕಲ್ಲು ಇದೆಯೇ" ಎಂದು ಕೇಳುತ್ತಿದ್ದೆ. ಸಣ್ಣದೆಂದರೆ ಅವರಿಗೆ ಮಕ್ಕಳದು. ನನ್ನ ಕಾಲಿನ ಅಳತೆಯನ್ನೇ ಕೇಳಬೇಕಿತ್ತು.

ಕಾಗವಾಡದಲ್ಲಿ ತವನಪ್ಪ ಎಂಬವರ ಹಳೆಯ ಅಂಗಡಿ ಇದೆ, ಬಗೆಬಗೆಯ ಹಳೇ ಸೈಕಲ್ಲು ಇಟ್ಟಿದ್ದಾರೆ ಎಂದು ನೀಲಮ ತಿಳಿಸಿದಳು. ಮಗನಿಗೆ ತಂಗಿಯನ್ನು ನೋಡಿ ಬರುತ್ತೇನೆಂದು ಹೇಳಿ ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ಹೋದೆ. ಅಂಗಡಿಯ ಒಳಗೆ, ಟಯರುಗಳ ಹಿಂದೆ, ಗಾಲಿ ಸ್ವಲ್ಪ ಚಿಕ್ಕದಾದ, ನಡುವಿನ ಬಾರು ತೊಟ್ಟಿಲಿನಂತೆ ಕೆಳಗೆ ಬಾಗಿದ ಒಂದು ಸೈಕಲ್ಲು ಕಂಡಿತು. ಬಣ್ಣ ಹೋಗಿತ್ತು.

"ಅದು ಸಾಲಿ ಹುಡುಗ್ಯಾರದರಿ, ನಿಮಗ್ಯಾಕ?" ಎಂದರು ತವನಪ್ಪ.

"ನನ್ನ ಕಾಲು ಸಾಲಿ ಹುಡುಗಿ ಕಾಲಿನಷ್ಟ ಅದಾವ್ರಿ. ಹೊರಗ ತಗೀರಿ, ನೋಡೂಣು."

ಕೂತೆ. ಎರಡೂ ಪಾದ ನೆಲದ ಮೇಲೆ ಪೂರಾ ಊರಿದವು. ಕಣ್ಣಲ್ಲಿ ನೀರು ಬಂತು. ಆದರೆ ಅಂಗಡಿಯ ಮುಂದೆ ಒಂದು ಸುತ್ತು ತುಳಿದದ್ದೇ ತಡ, ಮೊಣಕಾಲು ಎದೆಯ ಹತ್ತಿರ ಬಂದು ಒಳಗೆ ಚುಚ್ಚತೊಡಗಿತು. ಇಳಿದು ನಿಂತು ಯೋಚಿಸಿದೆ. ಕೂತಾಗ ಕಾಲು ನೆಲ ಮುಟ್ಟಬೇಕೆಂದು ಇಷ್ಟು ದಿನ ಹುಡುಕಿದ್ದೇ ತಪ್ಪಾಗಿತ್ತು. ತುಳಿಯುವಾಗ ಕಾಲು ಚಾಚಬೇಕು. ಮುಟ್ಟಬೇಕಾದದ್ದು ನಿಲ್ಲುವಾಗ ಮಾತ್ರ.

"ಸೀಟ ಏರಸ್ರಿ," ಎಂದೆ.

"ಏರಿಸಿದ್ರ ಕಾಲ ನೆಲಕ್ಕ ಮುಟ್ಟೂದಿಲ್ರಿ ಆಯಿ. ಬೀಳ್ತೀರಿ."

"ನಿಲ್ಲೂ ಮುಂದ ಸೀಟ ಬಿಟ್ಟ ಮುಂದಕ್ಕ ಜಾರಿ ನಿಲ್ತೀನಿ. ಬಾರ ಕೆಳಗ ಐತೆಲ್ಲ, ಅಡ್ಡ ಬರೂದಿಲ್ಲ."

ಅವರು ಸ್ವಲ್ಪ ಹೊತ್ತು ನನ್ನ ಕಾಲನ್ನೂ ಸೈಕಲ್ಲನ್ನೂ ನೋಡಿದರು. "ಹಂಗಾದ್ರ ಪೆಡಲಿನ ತೋಳೂ ಗಿಡ್ಡವು ಹಾಕೂಣ್ರಿ. ಮೊಣಕಾಲು ಅಷ್ಟ ಮ್ಯಾಲ ಬರೂದಿಲ್ಲ," ಎಂದರು. ಆಮೇಲೆ ಇಬ್ಬರೂ ಕೂಡಿ ಹ್ಯಾಂಡಲನ್ನು ಎತ್ತರಿಸಿ ನನ್ನ ಕಡೆಗೆ ತಿರುಗಿಸಿ ನೋಡಿದೆವು. ಗಿಡ್ಡ ತೋಳು ಮೀರಜಿನಿಂದ ತರಿಸಬೇಕಂತೆ. ಸಿದ್ಧವಾದ ಮೇಲೆ ನಿಪ್ಪಾಣಿಗೆ ಬರುವ ಟೆಂಪೋದಲ್ಲಿ ಕಳಿಸುತ್ತಾರೆ. ಮಗನಿಗೆ ಇನ್ನೂ ಹೇಳಿಲ್ಲ. ಹೇಳುತ್ತೇನೆ, ಅಪ್ಪಣೆ ಕೇಳುವುದಿಲ್ಲ.

ಈಗ ನಿನ್ನ ಮಾತು. ನಿನ್ನ ಪತ್ರಗಳನ್ನೆಲ್ಲ ತೆಗೆದು ಮತ್ತೆ ಓದಿದೆ. ಎಮ್ಮೆ ಇದೆ, ನುಗ್ಗೆ ಮರ ಇದೆ, ಅಂಗಳದ ಫರಸಿ ಇದೆ, ಗೇಟು ಇದೆ. ಸಂಜೆ ಕೃಷ್ಣೆಯ ದಂಡೆಗೆ ಹೋಗಿ ಬರದಿದ್ದರೆ ಊಟ ಸೇರದವಳು ನೀನು, ಹೊಳೆ ಒಂದು ಸಲವೂ ಬಂದಿಲ್ಲ. ರಾಯಬಾಗ ಇಲ್ಲ. ಊರೂ ಇಲ್ಲ. ಏನಾಗಿದೆ ನಿನಗೆ?

ಸುಂದರಾ


ದಿಗ್ಗೇವಾಡಿ
24 ಜನವರಿ 2025

ಪ್ರೀತಿಯ ಸುಂದರಾ,

ನಿನ್ನ ಪತ್ರವನ್ನು ಜೇಬಿಲ್ಲದ ನನ್ನ ಕುಪ್ಪಸದಲ್ಲಿ ಇಟ್ಟುಕೊಂಡು ತಿರುಗಿದೆ, ಉತ್ತರಕ್ಕೆ ಧೈರ್ಯ ಬರಲು ಇಷ್ಟು ದಿನ ಹಿಡಿಯಿತು.

ಹೋದ ವರ್ಷದ ಹಂಗಾಮಿನಲ್ಲಿ ಹೊಳೆಯಿಂದ ತಿರುಗಿ ಬರುತ್ತಿದ್ದೆ. ಹಿಂದಿನಿಂದ ಕಬ್ಬಿನ ಟ್ರ್ಯಾಕ್ಟರು ಬಂದಿದೆ, ಹಾರ್ನು ಹೊಡೆದಿದೆ, ಮತ್ತೆ ಮತ್ತೆ ಹೊಡೆದಿದೆಯಂತೆ. ನನಗೆ ಕೇಳಲಿಲ್ಲ. ಟ್ರೇಲರಿನಿಂದ ಚಾಚಿದ ಕಬ್ಬು ಸೆರಗಿಗೆ ಸಿಕ್ಕಿ ಎಳೆದು ಕೆಡವಿತು. ಗಾಯ ದೊಡ್ಡದಲ್ಲ, ಕೆನ್ನೆ ತರಚಿತು ಅಷ್ಟೆ. ಡ್ರೈವರು ಇಳಿದು ಬಂದ. ಜನ ಸೇರಿದರು. ಎಲ್ಲರ ಬಾಯಿ ಆಡುತ್ತಿತ್ತು. ಬೈಯುತ್ತಿದ್ದಾರೋ ಮರುಗುತ್ತಿದ್ದಾರೋ ತಿಳಿಯದೆ ನಡುವೆ ಕೂತಿದ್ದೆ. ಅವರಲ್ಲಿ ಅರ್ಧ ಜನ ನನ್ನ ಹತ್ತಿರ ಅಕ್ಷರ ಕಲಿತವರು. ಅವರ ಮುಂದೆ "ನನಗ ಕೇಳೂದಿಲ್ಲ" ಎಂದು ಹೇಳಲು ಬಾಯಿ ಬರಲಿಲ್ಲ. ಎದ್ದು, ಎಲ್ಲ ಕೇಳಿದವಳ ಹಾಗೆ ತಲೆಯಾಡಿಸಿ ಮನೆಗೆ ಬಂದೆ.

ಅಂದಿನಿಂದ ಗೇಟು ದಾಟಿಲ್ಲ. ಹಾಲೇಶ ಬೇಡವೆಂದದ್ದಲ್ಲ, ಸೋನಾಲಿ ತಡೆದದ್ದಲ್ಲ. ಗೇಟಿನವರೆಗೆ ಹೋಗುತ್ತೇನೆ, ಕೈ ಚಿಲಕದ ಮೇಲಿಡುತ್ತೇನೆ, ಬೆನ್ನು ತಣ್ಣಗಾಗುತ್ತದೆ, ತಿರುಗಿ ಬರುತ್ತೇನೆ. ನೀನು ಸೈಕಲ್ಲು ಎಂದು ಬರೆದಾಗ ನನಗೆ ಕಂಡದ್ದು ನೀನಲ್ಲ, ಆ ರಸ್ತೆ. ನಿನಗೆ ಬುದ್ಧಿ ಹೇಳುವುದು ಸುಲಭವಿತ್ತು.

ಲಗಮವ್ವನ ಬೆರಳಿನ ಮಾತು ಓದಿದ ಮೇಲೆ ಬಹಳ ಹೊತ್ತು ಅಂಗಳದಲ್ಲಿ ಓಡಾಡಿದೆ.

ಸೈಕಲ್ಲಿಗೆ ಬಲಗಡೆ ಕನ್ನಡಿ ಹಾಕಿಸು. ಕಿವಿ ಚೆನ್ನಾಗಿದೆಯೆಂದು ಬಿಡಬೇಡ. ಮತ್ತು ಸಮಾಧಾನನಿಗೆ ಹೇಳಿಯೇ ಹತ್ತು. ಕದ್ದು ಹತ್ತಿದರೆ ಕೈ ನಡುಗುತ್ತದೆ.

ಗಂಗಾ


ಅಕ್ಕೋಳ
9 ಫೆಬ್ರುವರಿ 2025

ಪ್ರೀತಿಯ ಗಂಗಾ,

ಸೈಕಲ್ಲು ಬಂತು. ಕನ್ನಡಿ ಹಾಕಿಸಿದೆ. ಹೇಳಿಯೇ ಹತ್ತಿದೆ.

ಸಮಾಧಾನ ಅಂದು ಬಾಗಿಲಲ್ಲಿ ಕೈ ಕಟ್ಟಿ ನಿಂತ. "ಮತ್ತ ಬಿದ್ರ?" ಎಂದ. "ಬಿದ್ರ ಏಳ್ತೀನಿ. ಆದ್ರ ಇದು ಬೀಳಸೂ ಸೈಕಲ್ಲ ಅಲ್ಲ, ನೋಡು," ಎಂದು ಹತ್ತಿ ತೋರಿಸಿದೆ. ಬಾರಿನ ಮೇಲಿಂದ ಕಾಲು ಎತ್ತಬೇಕಿಲ್ಲ, ಸುಮ್ಮನೆ ದಾಟಿಸಿದರಾಯಿತು. ಒಂದು ಪೆಡಲಿನ ಮೇಲೆ ಎದ್ದು ನಿಂತರೆ ಸೈಕಲ್ಲು ಮುಂದೆ ಸರಿಯುತ್ತದೆ, ಆಗ ಹಿಂದಕ್ಕೆ ಸೀಟಿನ ಮೇಲೆ ಕೂಡಬೇಕು. ನಿಲ್ಲುವಾಗ ಬ್ರೇಕು ಹಿಡಿದು ಮುಂದಕ್ಕೆ ಜಾರಿದರೆ ಎರಡೂ ಪಾದ ನೆಲದ ಮೇಲೆ. ನಮ್ಮ ಓಣಿಯಲ್ಲಿ ಅದನ್ನೇ ಮಾಡಿದೆ, ಹತ್ತುವುದು, ನಿಲ್ಲುವುದು, ಹತ್ತುವುದು, ನಿಲ್ಲುವುದು. ಹೆಂಗಸರು ಬಾಗಿಲಿಗೆ ಬಂದು ನೋಡಿದರು. ನೋಡಲಿ ಎಂದೆ. ಸೀಟು ಮುಂದಕ್ಕೆ ಬಾಗಿ ಜಾರಿಸುತ್ತಿತ್ತು, ನಟ್ಟು ತಿರುಗಿಸುವ ಪಾನಾ ತೆಗೆದುಕೊಂಡು ನಾನೇ ಮಟ್ಟ ಮಾಡಿದೆ. ಆಮೇಲೆ ಒಂದು ಬೆರಳಷ್ಟು ಏರಿಸಿದೆ. ಮೊಣಕಾಲಿನ ಚುಚ್ಚು ನಿಂತಿತು.

ಕಾಲುವೆಯ ದಂಡೆಗೆ ಹೊರಟ ಮೊದಲ ದಿನ ಸಮಾಧಾನ ಗಾಡಿಯನ್ನು ಮನೆಯಲ್ಲೇ ಬಿಟ್ಟು ನನ್ನ ಹಿಂದೆ ನಡೆದು ಬಂದ. ನಡೆದು ಎಂದೆ, ಆಮೇಲೆ ಓಡಬೇಕಾಯಿತು. ಅರ್ಧ ದಾರಿಗೆ ನಿಲ್ಲಿಸಿ, "ಹೋಗಪಾ ಇನ್ನ, ನಿನ್ನ ಆಫೀಸಿಗೆ ತಡಾ ಆಗತೈತಿ," ಎಂದೆ. ಬೆವರೊರೆಸಿಕೊಂಡು, "ನಿಲ್ಲೂದ ಬರಾಕತ್ತೈತಿ ನಿನಗ," ಎಂದ. ಅವನಿಂದ ಅಷ್ಟು ಬಂದದ್ದೇ ಬಹಳ. ಕನ್ನಡಿಯಲ್ಲಿ ನೋಡಿದೆ, ನಾನು ತಿರುವು ದಾಟುವವರೆಗೆ ಅಲ್ಲೇ ನಿಂತಿದ್ದ.

ಲಗಮವ್ವ ಅಂಗಳದಲ್ಲಿ ಕಾಲು ಚಾಚಿ ಕೂತಿದ್ದಳು. "ಬಾಯಿ, ಯಾರ ಬಿಟ್ಟ ಹ್ವಾದ್ರು ನಿಮ್ಮನ್ನ?" ಎಂದಳು.

"ಯಾರೂ ಬಿಟ್ಟಿಲ್ಲ. ನಾನ ಬಂದೇನಿ."

ಅವಳು ಸೈಕಲ್ಲನ್ನು ನೋಡಿದಳು, ನನ್ನನ್ನು ನೋಡಿದಳು. "ಹಂಗಾದ್ರ ನಾಳಿನೂ ಬರ್ತೀರಿ," ಎಂದಳು. ಪ್ರಶ್ನೆಯಾಗಿ ಕೇಳಲಿಲ್ಲ. ಪಟ್ಟಿ ಬಿಚ್ಚಿದೆ. ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ. ಹುಣ್ಣಿನ ತಳದಲ್ಲಿ ಕೆಂಪು ಮಾಂಸ ಕಟ್ಟುತ್ತಿದೆ, ಅಂಚುಗಳು ಒಳಕ್ಕೆ ಬರುತ್ತಿವೆ. ಮೊನ್ನೆ ಡಾಕ್ಟರು ನೋಡಿ ಪಾದ ತೆಗೆಯುವ ಮಾತಿಲ್ಲ ಎಂದರು. ಹೋದ ಬೆರಳು ಹೋಯಿತು. ಅದನ್ನು ನೋಡಿದಾಗಲೆಲ್ಲ ನವೆಂಬರಿನಲ್ಲೇ ಈ ಸೈಕಲ್ಲು ಸಿಕ್ಕಿದ್ದರೆ ಅನಿಸುತ್ತದೆ.

ಗಂಗಾ, ನೀನು ಇಲ್ಲಿಗೆ ಬಾ. ಬೇಕಾದರೆ ನಾನೇ ಬಂದು ಕರೆದುಕೊಂಡು ಬರುತ್ತೇನೆ. ಯಾವಾಗ ಬರಲಿ, ಬರೆ. ಬಹಳ ದಿನ ಕಾಯುವುದಿಲ್ಲ.

ನಿನ್ನ
ಸುಂದರಾ


ಚಿಕ್ಕೋಡಿ, ಬಸ್ ನಿಲ್ದಾಣ
20 ಫೆಬ್ರುವರಿ 2025

ಸುಂದರಾ,

ನೀನು ಬರಬೇಡ. ನಾನು ಹೊರಟಿದ್ದೇನೆ.

ಬೆಳಿಗ್ಗೆ ಹಾಲೇಶ ಗಾಡಿಯ ಕೀಲಿ ಹಿಡಿದು, "ಅತ್ತಿ, ನಾ ಬಿಟ್ಟ ಬರ್ತೀನಿ," ಎಂದ. ಅವನ ತುಟಿ ನನಗೆ ಚೆನ್ನಾಗಿ ಓದಲು ಬರುತ್ತದೆ. ಬೇಡವೆಂದೆ. ಗೇಟಿನ ಚಿಲಕ ತೆಗೆದೆ. ಬೆನ್ನು ತಣ್ಣಗಾಯಿತು. ಆದರೂ ರಸ್ತೆಯ ಅಂಚು ಹಿಡಿದು, ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತ ಸ್ಟ್ಯಾಂಡಿನವರೆಗೆ ನಡೆದೆ. ಎರಡು ಕಬ್ಬಿನ ಟ್ರ್ಯಾಕ್ಟರು ಬಂದವು. ನಿಂತು ದಾಟಿಸಿದೆ.

ಬಸ್ಸಿನಲ್ಲಿ ಕಂಡಕ್ಟರ ಏನೋ ಕೇಳಿದ. ಬಾಯಿ ನೋಡಿದರೂ ತಿಳಿಯಲಿಲ್ಲ. "ತಮ್ಮಾ, ನನಗ ಕಿವಿ ಕೇಳೂದಿಲ್ಲ. ಬರದ ತೋರಸು," ಎಂದೆ. ಎಷ್ಟು ಜೋರಾಗಿ ಹೇಳಿದೆನೋ, ಮುಂದಿನ ಸೀಟಿನವರೆಲ್ಲ ತಿರುಗಿದರು. ಅವರಲ್ಲಿ ನಮ್ಮೂರಿನವರೂ ಇದ್ದರು. ಭೂಮಿ ಬಾಯಿ ಬಿಡಲಿಲ್ಲ. ಆತ ಚೀಟಿಯಲ್ಲಿ "ಎಲ್ಲಿಗೆ" ಎಂದು ಬರೆದ. ಅಕ್ಕೋಳ ಎಂದೆ. ಚಿಕ್ಕೋಡಿಯಲ್ಲಿ ಇಳಿದು ಯಾವ ಬಸ್ಸು ಹಿಡಿಯಬೇಕೆಂದು ಅದರ ಕೆಳಗೆ ಬರೆದುಕೊಟ್ಟ. ನಿಪ್ಪಾಣಿಗೆ ಒತ್ತು ಹಾಕಿರಲಿಲ್ಲ. ತಿದ್ದಲಿಲ್ಲ.

ನಿಪ್ಪಾಣಿ ಬಸ್ಸಿಗೆ ಇನ್ನೂ ಹೊತ್ತಿದೆ. ಕಾರ್ಡು ಕೊಂಡು, ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಸುತ್ತಲೂ ಜನ ಮಾತಾಡುತ್ತಿದ್ದಾರೆ. ಒಂದೂ ಕೇಳುತ್ತಿಲ್ಲ, ಎಲ್ಲ ಕಾಣುತ್ತಿದೆ. ಈ ಕಾರ್ಡು ನಿಮ್ಮ ಮನೆ ಮುಟ್ಟುವಾಗ ನಾನು ನಿನ್ನ ಒಲೆಯ ಮುಂದೆ ಕೂತು ರೊಟ್ಟಿ ತಿನ್ನುತ್ತಿರುತ್ತೇನೆ. ಪೋಸ್ಟಮನ್ ತಂದರೆ ನನ್ನ ಕೈಗೇ ಕೊಡು. ನಾನೇ ನಿನಗೆ ಓದಿ ಹೇಳುತ್ತೇನೆ.

ಗಂಗಾ